ಕಲ್ಲಿನ ಅಕ್ಕೋರು

ಕುಪ್ಪೇಲೂರಿನವರು ಸಿಸಿಲಿಯಾ ಬರ್ರೆಟೊಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಆ ಹೆಸರು ಅಲ್ಲಿಯ ನಾಲಿಗೆಗೆ ಒಗ್ಗುವಂಥದ್ದಲ್ಲ. ಪಕ್ಕದಲ್ಲಿ ನೀರಿನ ಬಕೆಟ್ಟು ಇಟ್ಟುಕೊಂಡು, ಕೈಯಲ್ಲಿ ತೆಂಗಿನ ನಾರು ಹಿಡಿದು, ಹೊಲದ ಬದುವಿನಲ್ಲಿ ಸೆರಗು ಬಿಗಿದು ಕೂತು, ಸುಣ್ಣ ಎಣ್ಣೆ ಮೆತ್ತಿದ ಹಳೆಯ ಕಲ್ಲುಗಳನ್ನು ಕೂಸಿಗೆ ನೀರೆರೆಯುವ ಜೋಪಾನದಲ್ಲಿ ತೊಳೆಯುತ್ತಿದ್ದ ಈ ಹೆಂಗಸು ರಾಣೆಬೆನ್ನೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಪ್ರೊಫೆಸರು ಎಂದು ಗೊತ್ತಾದಾಗ ಅವರು, ಸಾಲೆಯ ಟೀಚರಮ್ಮನನ್ನು ಕರೆಯುವ ಹಾಗೆ, ‘ಕಲ್ಲಿನ ಅಕ್ಕೋರು’ ಎಂದರು. ಅದೇ ನಿಂತಿತು. ಐರಣಿಯಲ್ಲೂ, ತುಂಗಭದ್ರೆಯ ದಂಡೆಯ ಉಳಿದ ಊರುಗಳಲ್ಲೂ ಅವಳಿಗೆ ಅದೇ ಹೆಸರು.

ಅವಳ ಅಪ್ಪ ಪಾಸ್ಕು ಬರ್ರೆಟೊ ಕಾರವಾರದ ಕಡೆಯವನು. ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಕೆಲಸ ಸಿಕ್ಕಿ ಬ್ಯಾಡಗಿಗೆ ಬಂದವನು ಮತ್ತೆ ಸಮುದ್ರದ ಕಡೆ ಮುಖ ಮಾಡಲಿಲ್ಲ. ಸ್ಟೇಷನ್ನಿನ ಕ್ವಾರ್ಟರ್ಸಿನಲ್ಲಿ ಸಿಸಿಲಿಯಾ ಹುಟ್ಟಿದಳು. ಮೆಣಸಿನಕಾಯಿ ಹಂಗಾಮಿನಲ್ಲಿ ಹೊರಗಿನಿಂದ ಬಂದವರು ಕೆಮ್ಮಿ ಕಣ್ಣೊರೆಸಿಕೊಳ್ಳುತ್ತಿದ್ದರೆ ಅವಳು ಚೀಲಗಳ ಒಟ್ಟಿಲ ಮೇಲೆ ಆಡುತ್ತಿದ್ದಳು. ಸಂಜೆಯಾದರೆ ಮನೆಯಲ್ಲಿ ಕೊಂಕಣಿಯಲ್ಲಿ ಜಪಸರ, ಬೀದಿಯಲ್ಲಿ ಕನ್ನಡ. ತಿಂಗಳಿಗೊಮ್ಮೆ ಪಾದ್ರಿಗಳು ಬಂದು ಕ್ವಾರ್ಟರ್ಸಿನ ವರಾಂಡದಲ್ಲೇ ಚರ್ಚಿನ ಬಲಿಪೂಜೆ ನಡೆಸುತ್ತಿದ್ದರು; ಪಕ್ಕದ ಮನೆಯವರು ತಮ್ಮ ಜಮಖಾನ ಕೊಡುತ್ತಿದ್ದರು. ತಾನು ಬೇರೆಯವಳು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮೊದಲ ಸಲ ಹೇಳಿದ್ದು ಕೆಲಸದ ಸಂದರ್ಶನದಲ್ಲಿ.

ಧಾರವಾಡದಲ್ಲಿ ಎಂ.ಎ. ಮುಗಿಸಿ, ರಾಣೆಬೆನ್ನೂರು ತಾಲೂಕಿನ ವೀರಗಲ್ಲುಗಳ ಮೇಲೆ ಸಂಶೋಧನೆ ಮಾಡಿ ಬಂದಿದ್ದಳು. ಕಾಲೇಜಿನ ಆಡಳಿತ ಮಂಡಳಿಯ ಹಿರಿಯರೊಬ್ಬರು ಅವಳ ಅರ್ಜಿ ತಿರುವಿ ಹಾಕಿ, "ನೀವು ಕಿರಿಸ್ತಾನರು. ನಮ್ಮ ಚರಿತ್ರೆ ನಮ್ಮ ಹುಡುಗರಿಗೆ ಏನ ಕಲಸ್ತೀರಿ?" ಎಂದು ಕೇಳಿದರು. ಕೇಳಿದ್ದರಲ್ಲಿ ಸಿಟ್ಟಿರಲಿಲ್ಲ, ನಿಜವಾದ ಕುತೂಹಲವೇ ಇತ್ತು. ಅದಕ್ಕೇ ಅವಳಿಗೆ ಹೆಚ್ಚು ಚುಚ್ಚಿತು.

"ನಾ ಹುಟ್ಟಿದ್ದು ಬ್ಯಾಡಗಿ ಸ್ಟೇಷನ್ನಿನ್ಯಾಗ್ರಿ," ಎಂದಳು. "ನಿಮ್ಮ ಚರಿತ್ರೆ ಎಲ್ಲಿ ಮುಗದು ನಂದು ಎಲ್ಲಿ ಸುರು ಆಗತೈತಿ, ನೀವ ಒಂದು ಗೆರಿ ಎಳದು ತೋರಸ್ರಿ. ಅಷ್ಟರೊಳಗ ಕಲಸತೇನಿ."

ಕೆಲಸ ಸಿಕ್ಕಿತು. ಆ ಸಂಬಳಕ್ಕೆ ಬೇರೆ ಯಾರೂ ಬರಲು ತಯಾರಿರಲಿಲ್ಲ ಎಂಬುದೂ ಒಂದು ಕಾರಣ. ಅಲ್ಲಿಂದ ಮುಂದೆ ವಾರವೆಲ್ಲ ಪಾಠ, ರಜೆ ಬಂದರೆ ಕೆಂಪು ಬಸ್ಸು ಹತ್ತಿ ಹಳ್ಳಿ. ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಊರಿನಲ್ಲಿ ಯಾವುದೋ ಕಲ್ಲು ಸಿಕ್ಕಿರುತ್ತಿತ್ತು. ವರ್ಷಗಟ್ಟಲೆ ಅಲೆದದ್ದು ಕಡೆಗೆ ‘ಬದುವಿನ ವೀರರು’ ಎಂಬ ಪುಸ್ತಕವಾಯಿತು. ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವರು, ಊರ ಹೆಂಗಸರ ಮಾನಕ್ಕಾಗಿ ಹೋರಾಡಿ ಸತ್ತವರು, ಹೆಸರೂ ಅಳಿಸಿ ಹೋಗಿ ಬರಿಯ ಕುಂಕುಮದ ಬೊಟ್ಟಾಗಿ ಉಳಿದವರು — ಅವರೆಲ್ಲರ ಕತೆಯನ್ನು ಊರವರ ಬಾಯಲ್ಲಿದ್ದ ಹಾಗೆಯೂ ಕಲ್ಲಿನಲ್ಲಿದ್ದ ಹಾಗೆಯೂ ಬರೆದಿದ್ದಳು. ಪುಸ್ತಕ ಹೆಸರು ಮಾಡಿತು. ಧಾರವಾಡದ ಸಭೆಯೊಂದರಲ್ಲಿ ವಿದ್ವಾಂಸರೊಬ್ಬರು, "ಕ್ರೈಸ್ತ ಮಹಿಳೆಯೊಬ್ಬರು ನಮ್ಮ ಸಂಸ್ಕೃತಿಯನ್ನು ಇಷ್ಟು ಪ್ರೀತಿಸುತ್ತಾರೆಂಬುದೇ ದೊಡ್ಡದು" ಎಂದು ಹೊಗಳಿದರು. ಹಾವೇರಿಯ ಚರ್ಚಿನಲ್ಲಿ ಒಬ್ಬ ಹಿರಿಯರು, "ಕಲ್ಲು ಪೂಜೆಯ ಬಗ್ಗೆ ಬರೆದದ್ದು ಸಾಕು, ಒಬ್ಬ ಸಂತರ ಬಗ್ಗೆ ಬರಿ ತಂಗಿ" ಎಂದರು. ಹೊಗಳಿಕೆಗೆ ಅವಳು ನಮಸ್ಕರಿಸಲಿಲ್ಲ. ಹಿರಿಯರಿಗೆ ಮಾತ್ರ ಉತ್ತರ ಕೊಟ್ಟಳು: "ಮಂದೀ ಸಲುವಾಗಿ ಪ್ರಾಣ ಕೊಟ್ಟವರ ಬಗ್ಗೇನ ಬರದೇನ್ರಿ. ನಾವು ಭಾನುವಾರ ಪೂಜಾಕ್ಕ ಬಂದು ನೆನಸೂದೂ ಅಂಥಾ ಒಬ್ಬಾವನ್ನಽ."

ಪ್ರಿನ್ಸಿಪಾಲರ ಕುರ್ಚಿ ಅವಳ ಸರದಿ ಬಂದಾಗಲೆಲ್ಲ ಇನ್ನೊಬ್ಬರಿಗೆ ಹೋಯಿತು. ಅವಳು ಅದರ ಬಗ್ಗೆ ಒಂದು ಅರ್ಜಿ ಕೊಟ್ಟಳು, ಉತ್ತರ ಬರಲಿಲ್ಲ, ಎರಡನೆಯ ಪುಸ್ತಕ ಬರೆಯಲು ಕೂತಳು.

ಹೀಗೆ ನಿವೃತ್ತಿಗೆ ಮೂರು ವರ್ಷ ಉಳಿದಿರುವಾಗ, ಬೇಸಿಗೆಯ ಒಂದು ಸಭೆಯಲ್ಲಿ ಕಲಾ ವಿಭಾಗವನ್ನು ಮುಚ್ಚುವ ಮಾತು ಎದ್ದಿತು. ಬಿ.ಎ.ಗೆ ಹೆಸರು ಹಚ್ಚುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿದ್ದು ಸುಳ್ಳಲ್ಲ. ಬಿ.ಕಾಂ., ಬಿ.ಸಿ.ಎ. ಕೋಣೆಗಳಲ್ಲಿ ಕೂರಲು ಜಾಗವಿಲ್ಲ, ಇತಿಹಾಸದ ಕೋಣೆಯಲ್ಲಿ ಫ್ಯಾನಿನ ಸದ್ದೇ ಜಾಸ್ತಿ. ಆಡಳಿತ ಮಂಡಳಿಯ ಅಧ್ಯಕ್ಷ ವಿಜಯಮಹಾಂತೇಶ ಬ್ಯಾಡಗಿಯ ಮೆಣಸಿನಕಾಯಿ ವರ್ತಕ, ಎರಡು ಕೋಲ್ಡ್ ಸ್ಟೋರೇಜಿನ ಮಾಲೀಕ. ಇದೇ ಕಾಲೇಜಿನಲ್ಲಿ, ಸಿಸಿಲಿಯಾಳ ಕೈಕೆಳಗೇ ಬಿ.ಎ. ಓದಿದವನು. ಅವನು ಮರ್ಯಾದೆಯಿಂದಲೇ ಹೇಳಿದ: "ಈ ವರ್ಷ ಒಂದು ಬೆಂಚು ತುಂಬುವಷ್ಟರೆ ಹುಡುಗರು ಬರಲಿ ಮೇಡಂ. ಇಲ್ಲಾಂದ್ರ ನಾವು ಏನ ಮಾಡೂಣು ಹೇಳ್ರಿ."

"ಬರತಾರ," ಎಂದಳು ಸಿಸಿಲಿಯಾ.

ಪಿ.ಯು.ಸಿ. ಫಲಿತಾಂಶ ಬಂದ ಮಾರನೆಯ ದಿನವೇ ಅವಳು ಬಿ.ಎ. ವಿಷಯಗಳ ಕರಪತ್ರ ಅಚ್ಚು ಹಾಕಿಸಿ ಚೀಲಕ್ಕೆ ತುಂಬಿಕೊಂಡು ಹೊರಟಳು. ಕಲ್ಲು ಹುಡುಕಿ ಹೋಗಿದ್ದ ಊರುಗಳಿಗೇ ಈಗ ಹುಡುಗಿಯರನ್ನು ಹುಡುಕಿ ಹೋದಳು. ಕುಪ್ಪೇಲೂರಿನಲ್ಲಿ ಅಂದಾನೆಪ್ಪನ ಮಗಳು ನಿರ್ಮಲಾ ಕಲಾ ವಿಭಾಗದಲ್ಲಿ ಒಳ್ಳೆಯ ಅಂಕ ತೆಗೆದಿದ್ದಾಳೆಂದು ಬಸ್ಸಿನಲ್ಲೇ ಸುದ್ದಿ ಸಿಕ್ಕಿತು. ಅಂದಾನೆಪ್ಪನಿಗೆ ಸ್ವಲ್ಪ ಹೊಲ, ಊರ ನಡುವೆ ಒಂದು ಕಿರಾಣಿ ಅಂಗಡಿ. ಅವನ ಹೊಲದ ಬದುವಿನಲ್ಲೂ ಒಂದು ವೀರಗಲ್ಲಿತ್ತು. ಅದನ್ನು ತೊಳೆದು ಓದಿದ ದಿನ ಅವನ ತಾಯಿ ಶಾರದವ್ವ ಸಿಸಿಲಿಯಾಳಿಗೆ ರೊಟ್ಟಿ, ಕಾರಬ್ಯಾಳಿ ಉಣ್ಣಿಸಿದ್ದಳು.

"ಆಕಿ ಹೊಲಿಗಿ ಕಲೀಲಿ ಅಂತ ಮಾಡೇವ್ರಿ," ಎಂದ ಅಂದಾನೆಪ್ಪ, ಅಂಗಡಿಯ ಕಟ್ಟೆಯ ಮೇಲೆ ಅವಳಿಗೆ ಕೂರಲು ಚೀಲ ಹಾಸುತ್ತ. "ಇತಿಹಾಸ ಓದಿ ಏನ ಮಾಡ್ತಾಳ್ರಿ?"

"ಏನ ಮಾಡ್ತೀ ಅಂತ ಆಕಿನ್ನಽ ಕೇಳ್ರಿ."

ಒಳಬಾಗಿಲಲ್ಲಿ ನಿಂತಿದ್ದ ನಿರ್ಮಲಾ, "ನಂಗ ಕೆ.ಎ.ಎಸ್. ಪರೀಕ್ಷಾ ಬರೀಬೇಕಾಗೈತಿ," ಎಂದಳು. ದನಿ ಸಣ್ಣದಿತ್ತು, ಆದರೆ ಅನುಮಾನವಿರಲಿಲ್ಲ.

ಅಂದಾನೆಪ್ಪ ನಕ್ಕುಬಿಟ್ಟ. ಮೊಮ್ಮಗಳ ಹಿಂದೆ ಬಂದು ನಿಂತಿದ್ದ ಶಾರದವ್ವ ನಗಲಿಲ್ಲ. "ನಗಬ್ಯಾಡ. ನಮ್ಮ ಹೊಲದಾಗ ನಿಂತಾಂವ ಯಾರಂತ ನಿಮ್ಮಪ್ಪಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈ ಅಕ್ಕೋರು ಬಂದು ಹೇಳಿದ ಮ್ಯಾಲ ನಾ ದೀಪಾ ಹಚ್ಚಾಕ ಹೋದಾಗ ಅವನ ಹೆಸರ ಹಿಡಿದು ಮಾತಾಡ್ಸತೇನಿ. ಓದಲಿ ಬಿಡು."

"ಬಸ್ಸಿನ ಪಾಸ್ ಸಿಗತೈತೇನ್ರಿ?" ಎಂದು ಕೇಳಿದ ಅಂದಾನೆಪ್ಪ. ಅಲ್ಲಿಗೆ ಮಾತು ಅರ್ಧ ಗೆದ್ದಂತೆಯೇ ಎಂದು ಸಿಸಿಲಿಯಾಳಿಗೆ ಗೊತ್ತಾಯಿತು. ಪಾಸು, ಹಾಸ್ಟೆಲ್ಲು, ವಿದ್ಯಾರ್ಥಿವೇತನ ಎಲ್ಲ ವಿವರಿಸಿ, ಕರಪತ್ರ ಕೊಟ್ಟು ಎದ್ದಳು. ಹೊರಡುವಾಗ ನಿರ್ಮಲಾಳ ತಲೆಯ ಮೇಲೆ ಕೈಯಿಟ್ಟು, "ದೇವರು ಒಳ್ಳೇದು ಮಾಡ್ಲಿ" ಎಂದಳು. ಎದುರಿನ ಕಟ್ಟೆಯ ಬಳಿ ಬೈಕು ನಿಲ್ಲಿಸಿಕೊಂಡಿದ್ದ ಯಾರೋ ಮೊಬೈಲು ಎತ್ತಿ ಹಿಡಿದದ್ದನ್ನು ನೋಡಿದಳು. ತನ್ನ ಪಾಡಿಗೆ ಏನೋ ನೋಡುತ್ತಿರಬೇಕೆಂದುಕೊಂಡಳು.

ಮರುದಿನ ಸಂಜೆಯೊಳಗೆ ಆ ದೃಶ್ಯ ತಾಲೂಕಿನ ಫೋನುಗಳಲ್ಲೆಲ್ಲ ಓಡಾಡಿತು. ಅಂಗಡಿ, ಹುಡುಗಿಯ ಬಾಗಿದ ತಲೆ, ಅದರ ಮೇಲೊಂದು ಕೈ, ಬಗ್ಗಿದಾಗ ಸೆರಗಿನಿಂದ ಹೊರಬಂದ ಸಣ್ಣ ಶಿಲುಬೆ. ‘ದೇವರು ಒಳ್ಳೇದು ಮಾಡ್ಲಿ’ ಎಂಬ ಮಾತಿನ ಮೇಲೆ ಕೆಂಪು ಅಕ್ಷರದಲ್ಲಿ, ‘ಯಾವ ದೇವರು?’ ಎಂದು ಬರೆದಿದ್ದರು. ಬಿ.ಎ. ಕರಪತ್ರವನ್ನು ಧರ್ಮಪ್ರಚಾರದ ಹಾಳೆ ಎಂದಿದ್ದರು. ಹಳ್ಳಿಯ ಹುಡುಗಿಯರಿಗೆ ಕಾಲೇಜಿನ ಆಸೆ ತೋರಿಸಿ ಜಾತಿ ಕೆಡಿಸುವ ಪ್ರೊಫೆಸರು ಎಂದೂ ಇತ್ತು. ಪೊಲೀಸ್ ಠಾಣೆಗೂ ಒಂದು ಅರ್ಜಿ ಹೋಯಿತು.

ಸಿಸಿಲಿಯಾ ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದಳು. ಮೊದಲು ಬಂದದ್ದು ಭಯವಲ್ಲ, ನಾಚಿಕೆ. ಬಟ್ಟೆ ಬದಲಿಸುವಾಗ ಯಾರೋ ಕಿಟಕಿಯಲ್ಲಿ ಇಣುಕಿದ ಹಾಗೆ. ಆ ನಾಚಿಕೆ ತನ್ನದಲ್ಲ, ಇಣುಕಿದವನದು ಎಂದು ಮನಸ್ಸಿಗೆ ತಿಳಿಹೇಳಲು ಒಂದು ಇಡೀ ದಿನ ಹಿಡಿಯಿತು. ತಿಳಿದ ಮೇಲೆ ಸಿಟ್ಟು ಬಂತು. ಆ ಸಿಟ್ಟು ಆಮೇಲೆ ಆರಲಿಲ್ಲ.

ಭಾನುವಾರ ಹಾವೇರಿಯ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಫಾದರ್ ರಾಯಪ್ಪ ಅವಳನ್ನು ಪಕ್ಕದ ಕೋಣೆಗೆ ಕರೆದರು. ಕೋಲಾರದ ಕಡೆಯವರು, ವಯಸ್ಸು ಚಿಕ್ಕದು, ಮನುಷ್ಯ ಒಳ್ಳೆಯವರು.

"ಮೇಡಂ, ಸ್ವಲ್ಪ ದಿನ ಹಳ್ಳಿಗಳ ಕಡೆ ಹೋಗಬೇಡಿ. ಕಾಲೇಜಿನವರು ಕೇಳಿದರೆ ಒಂದು ವಿಷಾದ ಅಂತ ಬರೆದುಕೊಟ್ಟುಬಿಡಿ. ನಾವು ಇಲ್ಲಿ ಬೆರಳೆಣಿಕೆಯ ಮನೆಗಳು. ಜನ ನನ್ನ ಹತ್ತಿರ ಬಂದು ಅಳ್ತಾರೆ."

"ಅವರು ಹೆದರಿದ್ದು ನನಗ ತಿಳೀತೈತಿ ಫಾದರ್. ಆದ್ರ ನಾ ಏನಂತ ಬರೀಲಿ? ಹುಡುಗಿಗೆ ಒಳ್ಳೇದಾಗಲಿ ಅಂದಿದ್ದು ತಪ್ಪಾತು ಅಂತ ಬರೀಲೇನು?"

"ಶಿಲುಬೆ ಒಳಗಿರಲಿ, ಅಷ್ಟೆ. ನಂಬಿಕೆ ಎದೆಯೊಳಗಿದ್ದರೆ ಸಾಕಲ್ಲವೇ?"

ಈ ಮಾತು ಅವಳಿಗೆ ನೋವು ಕೊಟ್ಟಿತು. "ನಲವತ್ತು ವರ್ಷ ಒಳಗಽ ಇತ್ತು ಫಾದರ್. ಯಾರಿಗೂ ಕಾಣಬಾರದಂತಲ್ಲ, ತೋರಸೋ ಜರೂರು ಇರಲಿಲ್ಲ. ಈಗ ಅದು ಒಳಗಿದ್ರ ಹೆದರಿ ಮುಚ್ಚಿಟ್ಟಂಗ ಆಗತೈತಿ. ನಾ ಮುಚ್ಚಂಗಿಲ್ಲ."

ಫಾದರ್ ರಾಯಪ್ಪ, "ನಿಮಗೇನಾದರೂ ಆದರೆ ನಾನು ಯಾರಿಗೆ ಉತ್ತರ ಹೇಳಲಿ?" ಎಂದರು. ಅವರ ಮುಖ ನೋಡಿ ಅವಳ ದನಿ ಇಳಿಯಿತು. "ನನ್ನ ಸಲುವಾಗಿ ಪ್ರಾರ್ಥನೆ ಮಾಡ್ರಿ. ಉತ್ತರ ನಾ ಹೇಳತೇನಿ," ಎಂದು ಹೊರಬಂದಳು.

ಆ ವಾರವೇ ವಿಜಯಮಹಾಂತೇಶ ಅವಳನ್ನು ಬ್ಯಾಡಗಿಗೆ ಕರೆಸಿದ. ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಇಳಿದು, ತಾನು ಹುಟ್ಟಿದ ಕ್ವಾರ್ಟರ್ಸಿನ ಮುಂದೆಯೇ ಹಾದು, ಮಾರುಕಟ್ಟೆಗೆ ನಡೆದಳು. ಹಂಗಾಮು ಮುಗಿದಿದ್ದರೂ ಅವನ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಘಾಟಿಗೆ ವಿಜಯಮಹಾಂತೇಶನ ಗುಮಾಸ್ತನೇ ಸೀನುತ್ತಿದ್ದ. ಅವಳಿಗೆ ಏನೂ ಆಗಲಿಲ್ಲ.

"ಕುಂದರ್ರಿ ಮೇಡಂ. ಚಾ ತರಸ್ತೇನಿ." ಚಹಾ ಬರುವವರೆಗೆ ಅವನು ಅವಳ ಆರೋಗ್ಯ ವಿಚಾರಿಸಿದ. ಆಮೇಲೆ ಹೇಳಿದ: "ನೀವು ನಮಗ ಪಾಠ ಹೇಳಿದವ್ರು. ನಿಮ್ಮ ಮ್ಯಾಲ ನನಗ ಸಂಶೇ ಇಲ್ಲ. ಆದ್ರ ಮಂದಿಗೆ ಉತ್ತರ ಕೊಡಬೇಕಲ್ರಿ."

"ಯಾವ ಮಂದಿ? ಹೆಸರ ಹೇಳ್ರಿ. ಅವರ ಮನೀಗೆ ಹೋಗಿ ಉತ್ತರ ಕೊಟ್ಟು ಬರತೇನಿ."

ಅವನು ಮೇಜಿನ ಡ್ರಾಯರಿನಿಂದ ಎರಡು ಹಾಳೆ ತೆಗೆದು ಮುಂದಿಟ್ಟ. ಒಂದರಲ್ಲಿ, ತನ್ನ ನಡವಳಿಕೆಯಿಂದ ಯಾರ ಭಾವನೆಗಾದರೂ ಧಕ್ಕೆಯಾಗಿದ್ದರೆ ವಿಷಾದಿಸುತ್ತೇನೆ ಎಂದಿತ್ತು. ಇನ್ನೊಂದು ಸ್ವಯಂ ನಿವೃತ್ತಿಯ ಅರ್ಜಿ. ಅವಳ ಹೆಸರು, ಹುದ್ದೆ, ಸೇರಿದ ತಾರೀಖು ಎಲ್ಲ ತುಂಬಿ ಸಹಿಯ ಜಾಗ ಮಾತ್ರ ಖಾಲಿ ಬಿಟ್ಟಿದ್ದರು.

"ಪೆನ್ಷನ್‌ಗೆ ಏನೂ ತ್ರಾಸ ಆಗೂದಿಲ್ಲ. ಅದನ್ನ ನಾ ನೋಡಕೋತೇನಿ. ಮನ್ಯಾಗ ಕುಂತು ಪುಸ್ತಕಾ ಬರೀರಿ. ನಿಮ್ಮ ಪುಸ್ತಕಾ ನಮ್ಮ ಅಂಗಡ್ಯಾಗೂ ಐತಿ." ಅವನು ನಿಜವಾಗಿಯೂ ಕಪಾಟಿನ ಕಡೆ ಕೈ ತೋರಿಸಿದ. ಲೆಕ್ಕದ ಪುಸ್ತಕಗಳ ಪಕ್ಕ ‘ಬದುವಿನ ವೀರರು’ ನಿಂತಿತ್ತು. ಅದರ ಬೆನ್ನು ಇನ್ನೂ ಮಡಿಚಿರಲಿಲ್ಲ.

ಸಿಸಿಲಿಯಾ ಎರಡೂ ಹಾಳೆಗಳನ್ನು ನಿಧಾನವಾಗಿ ಓದಿದಳು. "ವಿಜಯಮಹಾಂತೇಶ, ಒಂದು ಕೇಳತೇನಿ. ಈ ಮೊದಲನೇ ಹಾಳಿ ವಿಡಿಯೋ ಬಂದ ಮ್ಯಾಲ ಟೈಪ್ ಮಾಡಿಸಿದ್ದು, ತಿಳೀತು. ಎರಡನೇದು ಯಾವಾಗಿಂದ ತಯಾರಿತ್ತು?"

ಅವನು ಚಹಾದ ಕಪ್ಪಿನ ಅಂಚನ್ನು ಒರೆಸುತ್ತ ಕೂತ.

"ಹುಡುಗರು ಬರಲಿಲ್ಲಂದ್ರ ಮುಚ್ಚತೇವಿ ಅಂದಿದ್ರಿ. ಹುಡುಗರು ಬರಾಕತ್ತಾರ. ಅದಕ್ಕ ಈಗ ನನ್ನ ತಗೀಬೇಕಾಗೈತಿ."

"ಹಂಗಲ್ರಿ ಮೇಡಂ."

"ಕ್ಷಮಾ ಕೇಳಾಕ ತಪ್ಪಾಗಿರಬೇಕು. ನಿವೃತ್ತಿ ಆಗಾಕ ವಯಸ್ಸಾಗಿರಬೇಕು. ಎರಡೂ ಆಗಿಲ್ಲ." ಹಾಳೆಗಳನ್ನು ಅವನ ಕಡೆ ಸರಿಸಿ ಎದ್ದಳು. "ಸೋಮವಾರ ಮತ್ತ ಕುಪ್ಪೇಲೂರಿಗೆ ಹೊಂಟೇನಿ. ವಿಡಿಯೋ ತಗದವರು ನಿಮಗ ಗುರ್ತಿದ್ರ ಹೇಳ್ರಿ, ಈ ಸಲ ಸಮೀಪ ನಿಂದರಲಿ. ದನಿ ಸರಿ ಕೇಳಬೇಕು."

ಸ್ಟೇಷನ್ನಿನ ಬೆಂಚು ಮುಟ್ಟುವ ಹೊತ್ತಿಗೆ ಅಲ್ಲಿಯ ಧೈರ್ಯ ಉಳಿದಿರಲಿಲ್ಲ. ಇಷ್ಟು ವರ್ಷದ ಸರ್ವಿಸು, ಒಬ್ಬಳೇ ಇರುವ ಮನೆ, ರಾತ್ರಿ ಬಾಗಿಲ ಮೇಲೆ ಕಲ್ಲು ಬಿದ್ದರೆ ಯಾರನ್ನು ಕರೆಯಬೇಕು ಎಂಬ ಯೋಚನೆ — ಎಲ್ಲ ಒಟ್ಟಿಗೆ ಬಂದು ಕೂತವು. ಚೀಲದಿಂದ ಜಪಸರ ತೆಗೆದು, ಪ್ಲಾಟ್‌ಫಾರಂ ಮೇಲೆ ಎಲ್ಲರೆದುರಿಗೇ, ಅಪ್ಪನ ಕೊಂಕಣಿಯಲ್ಲಿ ಮಣಿ ಎಣಿಸಿದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಒಮ್ಮೆ ನೋಡಿ, ತನ್ನ ಗಂಟು ಸರಿಸಿ ಅವಳಿಗೆ ಇನ್ನಷ್ಟು ಜಾಗ ಮಾಡಿಕೊಟ್ಟಳು. ರೈಲು ಬರುವಷ್ಟರಲ್ಲಿ ಕೊನೆಯ ಮಣಿಗೆ ಬಂದಿದ್ದಳು.

ಸೋಮವಾರ ಅವಳು ಶಿಲುಬೆಯನ್ನು ಸೆರಗಿನ ಮೇಲೆ ಬಿಟ್ಟುಕೊಂಡು ಬಸ್ಸು ಹತ್ತಿದಳು.

ಕುಪ್ಪೇಲೂರಿನ ಬೇವಿನ ಕಟ್ಟೆಯ ಹತ್ತಿರ ಪೇಟೆಯಿಂದ ಬಂದ ನಾಲ್ಕೈದು ಮಂದಿ ಆಗಲೇ ನಿಂತಿದ್ದರು, ಕೈಯಲ್ಲಿ ಫೋನುಗಳು. ಊರಿನ ಜನರೂ ಸೇರಿದ್ದರು. ಅಂದಾನೆಪ್ಪ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಒಳಗೇ ಇದ್ದ. ಸಿಸಿಲಿಯಾ ಕಟ್ಟೆಯ ಮೇಲೆ ಕೂತು, ಕರಪತ್ರದ ಕಟ್ಟು ಬಿಚ್ಚಿ, ಒಂದನ್ನು ಫೋನು ಹಿಡಿದವನಿಗೇ ಕೊಟ್ಟಳು.

"ಜೋರಾಗಿ ಓದ್ರಿ. ಎಲ್ಲಾರೂ ಕೇಳಲಿ."

ಅವನು ಓದಲಿಲ್ಲ. "ನೀವು ಕಿರಿಸ್ತಾನರು ಹೌದಲ್ಲೊ?" ಎಂದ.

"ಹೌದು. ಹುಟ್ಟಿದಾಗಿಂದ."

"ಇಲ್ಲಿ ಹುಡುಗ್ಯಾರಿಗೆ ಏಸೂನ ಬಗ್ಗೆ ಹೇಳಾಕತ್ತೀರಿ."

"ಕೇಳಿದವರಿಗೆ ಹೇಳತೇನಿ. ನನಗೇನೂ ನಾಚಿಕಿಲ್ಲ. ಆದ್ರ ಈ ಊರಾಗ ಇಷ್ಟು ವರ್ಷಕ್ಕ ಒಬ್ಬರೂ ಕೇಳಿಲ್ಲ. ಇವರು ಕೇಳಿದ್ದು ಬಸ್ಸಿನ ಪಾಸ್ ಸಿಗತೈತೇನು ಅಂತ."

ಹಿಂದೆ ನಿಂತ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಬ್ಬ ಮುಂದೆ ಬಂದ. ಅವನ ದನಿ ಮೊದಲಿನವನಷ್ಟು ಮೆತ್ತಗಿರಲಿಲ್ಲ. "ನಮ್ಮ ಹುಡುಗ್ಯಾರನ್ನ ಎಲ್ಲಿಗೆ ಕರಕೊಂಡು ಹೊಂಟೀರಿ, ಅದನ್ನ ಹೇಳ್ರಿ ಮೊದ್ಲ."

"ರಾಣೆಬೆನ್ನೂರಿಗೆ. ಮುಂಜಾನಿ ಬಸ್ಸಿಗೆ ಹೋಗಿ ಸಂಜೀಕ ಬರತಾರ. ನಿಮ್ಮ ಮನ್ಯಾಗ ಓದೋ ಹುಡುಗೀರು ಅದಾರೇನು? ಇದ್ರ ಅವರನ್ನೂ ಕಳಸ್ರಿ. ಇಬ್ಬರನ್ನ ಕಳಸಿದ್ರ ನನಗ ಭಾಳ ಅನುಕೂಲ ಆಗತೈತಿ."

ಈ ಸಲ ಗಂಡಸರೂ ನಕ್ಕರು. ಅವನ ಮುಖ ಕಪ್ಪಿಟ್ಟಿತು. "ಇನ್ನ ಮ್ಯಾಲ ಈ ಊರಿಗೆ ಕಾಲಿಟ್ರ ನೆಟ್ಟಗಿರಂಗಿಲ್ಲ," ಎಂದ.

ಸಿಸಿಲಿಯಾ ಎದ್ದು ನಿಂತಳು. ಅವನ ಫೋನಿನ ಕಡೆಗೇ ನೋಡುತ್ತ, ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೇಳಿಸುವಂತೆ ಮಾತಾಡುವ ದನಿಯಲ್ಲಿ ಹೇಳಿದಳು: "ನನ್ನ ಹೆಸರು ಸಿಸಿಲಿಯಾ ಬರ್ರೆಟೊ. ಇತಿಹಾಸ ಕಲಸ್ತೇನಿ. ಗುರುವಾರ ಮತ್ತ ಬರತೇನಿ, ಶುಕ್ರವಾರ ಐರಣಿಗೆ ಹೋಗತೇನಿ. ಅಡ್ಮಿಷನ್ ಮುಗಿಯೂಮಟಾ ಬರತೇನಿ. ಇದನ್ನೂ ಹಾಕ್ರಿ ವಿಡಿಯೋದಾಗ."

ಶಾರದವ್ವ ಜನರ ನಡುವಿನಿಂದ ದಾರಿ ಮಾಡಿಕೊಂಡು ಬಂದು ಅವಳ ಕೈ ಹಿಡಿದು, "ಬಿಸಲಾಗ ಯಾಕ ನಿಂತೀರಿ, ಮನೀಗೆ ಬರ್ರಿ" ಎಂದು ಕರೆದುಕೊಂಡು ಹೋದಳು. ಪೇಟೆಯವರು ಸ್ವಲ್ಪ ಹೊತ್ತು ನಿಂತು ಬೈಕು ಹತ್ತಿದರು.

ಗೆದ್ದೆ ಎಂದುಕೊಳ್ಳುವಂತಿರಲಿಲ್ಲ. ಅಂದಾನೆಪ್ಪ ಮನೆಯೊಳಗೆ ಅವಳ ಮುಖ ನೋಡದೆ ಹೇಳಿದ: "ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನನಗ ಅಂಗಡಿ ಮಾಲು ಪ್ಯಾಟಿಯಿಂದಽ ಬರಬೇಕು. ನಿನ್ನೆ ಫೋನ್ ಬಂದಿತ್ತು. ಮಗಳ್ನ ನಾ ಕಳಸೂದಿಲ್ಲ." ಒಲೆಯ ಹತ್ತಿರ ನಿಂತ ನಿರ್ಮಲಾ ತುಟಿ ಕಚ್ಚಿಕೊಂಡು ಹೊರಗೆ ಹೋದಳು. ಸಿಸಿಲಿಯಾ ಚೀಲ ಎತ್ತಿಕೊಂಡು ಬಸ್ಸಿಗೆ ನಡೆದಳು. ತನ್ನ ಧೈರ್ಯಕ್ಕೆ ಬೆಲೆ ತೆತ್ತದ್ದು ಆ ಹುಡುಗಿ ಎಂದು ದಾರಿಯುದ್ದಕ್ಕೂ ಅನಿಸಿತು. ಆದರೂ ಗುರುವಾರ ಹೋದಳು. ಶುಕ್ರವಾರ ಐರಣಿಗೂ ಹೋದಳು. ಕೆಲವು ಮನೆಗಳಲ್ಲಿ ಬಾಗಿಲು ತೆಗೆಯಲಿಲ್ಲ. ಕೆಲವರು ಹೊರಗೇ ನಿಲ್ಲಿಸಿ ಮಾತಾಡಿಸಿದರು. ಒಂದು ಮನೆಯಲ್ಲಿ ಮಾತ್ರ ತಾಯಿಯೊಬ್ಬಳು ಒಳಗೆ ಕರೆದು, ಇಬ್ಬರು ಹೆಣ್ಣುಮಕ್ಕಳನ್ನೂ ಕೂರಿಸಿ, "ಇವರಿಗೆ ನಿಮ್ಮಂಗ ಮಾತಾಡೂದು ಕಲಸ್ರಿ" ಎಂದಳು. ಠಾಣೆಯಿಂದ ಕರೆ ಬಂತು. ಹೋಗಿ ಹೇಳಿಕೆ ಬರೆದುಕೊಟ್ಟು, ಅದರ ಪ್ರತಿ ಕೇಳಿ ಪಡೆದು ಬಂದಳು.

ಪ್ರವೇಶದ ಮೊದಲ ದಿನ ಬೆಳಿಗ್ಗೆ ಕಾಲೇಜಿನ ಕಚೇರಿಯ ಮುಂದೆ ಅವಳ ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ಐರಣಿಯ ಅಕ್ಕತಂಗಿಯರು, ಬೇರೆ ಹಳ್ಳಿಗಳ ಕೆಲವರು. ಕೊನೆಗೆ ಗೇಟಿನಲ್ಲಿ ಶಾರದವ್ವ ಕಾಣಿಸಿದಳು, ಹಿಂದೆ ನಿರ್ಮಲಾ.

"ನನ್ನ ಮಗಾ ಬರಾಂಗಿಲ್ಲ ಅಂದ," ಎಂದಳು ಶಾರದವ್ವ, ಏದುಸಿರಿನಲ್ಲಿ. "ನಾ ಅವನ ಅವ್ವ. ನಾ ಬಂದೇನಿ. ಹೆಬ್ಬಟ್ಟು ಎಲ್ಲಿ ಒತ್ತಬೇಕು ಹೇಳ್ರಿ."

ಆದರೆ ಕಚೇರಿಯವನು ಕಂಪ್ಯೂಟರಿನಿಂದ ತಲೆ ಎತ್ತದೆ, ಬಿ.ಎ.ಯಲ್ಲಿ ಇತಿಹಾಸದ ಆಯ್ಕೆಯೇ ಬರುತ್ತಿಲ್ಲ ಎಂದ. ಮೇಲಿನಿಂದಲೇ ತೆಗೆದಿದ್ದಾರೆ. ಸಿಸಿಲಿಯಾ ಹುಡುಗಿಯರನ್ನೂ ಶಾರದವ್ವನನ್ನೂ ಕರೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋದಳು. ಅವಳಿಗಿಂತ ಎಷ್ಟೋ ಕಿರಿಯನಾದ ಪ್ರಿನ್ಸಿಪಾಲ ಎದ್ದು ನಿಂತ.

"ಮೇಡಂ, ನನ್ನ ಕೈಯಾಗ ಏನೂ ಇಲ್ಲ."

"ಯುನಿವರ್ಸಿಟಿ ಈ ವರ್ಷದ ಮಾನ್ಯತೆ ಕೊಟ್ಟೈತಿ. ಅವರ ಪರವಾನಗಿ ಇಲ್ಲದ ನೀವು ವಿಷಯ ತಗಿಯಾಕ ಬರಂಗಿಲ್ಲ. ಹಿಂಗ ಆಗಬಹುದಂತ ನಿನ್ನೆನಽ ನಾ ಅಲ್ಲಿಗೂ, ಜಂಟಿ ನಿರ್ದೇಶಕರ ಆಫೀಸಿಗೂ ಬರದೇನಿ. ನಿಮ್ಮ ಕೈಯಾಗ ಇಲ್ಲಂದ್ರ ಯಾರ ಕೈಯಾಗ ಐತಿ ಅವರನ್ನ ಕರೀರಿ. ನಾವು ಕುಂತಿರತೇವಿ."

ಕುರ್ಚಿಗಳು ಸಾಲಲಿಲ್ಲ. ಪ್ರೊಫೆಸರು ನೆಲದ ಮೇಲೆ ಕೂತಳು. ಅದನ್ನು ನೋಡಿ ಹುಡುಗಿಯರೂ ಕೂತರು. ಮಧ್ಯಾಹ್ನವಾದಾಗ ಶಾರದವ್ವ ಬುತ್ತಿ ಬಿಚ್ಚಿ, ರೊಟ್ಟಿ, ಶೇಂಗಾ ಚಟ್ನಿ ಎಲ್ಲರಿಗೂ ಹಂಚಿ, ಪ್ರಿನ್ಸಿಪಾಲನಿಗೂ ಒಂದು ರೊಟ್ಟಿ ಕೊಟ್ಟಳು. ಅವನು ಬೇಡವೆನ್ನಲಾಗದೆ ಕೈಯಲ್ಲಿ ಹಿಡಿದುಕೊಂಡ. ಬಾಗಿಲಲ್ಲಿ ಬಿ.ಕಾಂ. ಹುಡುಗರು ಗುಂಪುಗೂಡಿದರು, ಸ್ಥಳೀಯ ಪತ್ರಿಕೆಯವನೊಬ್ಬ ಬಂದು ಫೋಟೋ ತೆಗೆದ.

ವಿಜಯಮಹಾಂತೇಶ ಬಂದಾಗ ಮಧ್ಯಾಹ್ನ ಇಳಿದಿತ್ತು. ನೆಲದ ಮೇಲೆ ಕೂತ ತನ್ನ ಮೇಡಮ್ಮನ್ನು ನೋಡಿ ಅವನು ಬಾಗಿಲಲ್ಲೇ ನಿಂತ. ಆಮೇಲೆ ಹತ್ತಿರ ಬಂದು, ಬಗ್ಗಿ, ತಗ್ಗಿದ ದನಿಯಲ್ಲಿ, "ನಿಮಗ ಇನ್ನ ಮೂರು ವರ್ಷ ಐತ್ರಿ ಸರ್ವಿಸು. ಯಾಕ್ರಿ ಇಷ್ಟು ಜಿದ್ದು?" ಎಂದ.

"ಮೂರು ವರ್ಷ ಐತಿ ಅಂತನಽ. ಇವರ ಡಿಗ್ರಿಗೂ ಮೂರು ವರ್ಷ ಬೇಕು."

"ನಾಳೆ ನನ್ನ ಅಂಗಡಿ ಮುಂದ ಮಂದಿ ಬಂದು ಕುಂತ್ರ ಏನ ಮಾಡ್ಲಿ?"

"ನೀವೂ ಅಲ್ಲಿಂದ ಏಳಬ್ಯಾಡ್ರಿ. ಕುಂತು ನೋಡ್ರಿ. ಮೊದಲ ತಾಸು ಅಷ್ಟ ಹೆದರಿಕಿ."

ಅವನಿಗೆ ನಗು ಬಂತೋ ಸಿಟ್ಟು ಬಂತೋ ಅವಳಿಗೆ ತಿಳಿಯಲಿಲ್ಲ. ಹೊರಗೆ ಹೋಗಿ ಬಹಳ ಹೊತ್ತು ಫೋನಿನಲ್ಲಿ ಮಾತಾಡಿದ. ಮರಳಿ ಬಂದು, ಅವಳ ಕಡೆ ನೋಡದೆ, ಪ್ರಿನ್ಸಿಪಾಲನಿಗೆ ಹೇಳಿದ: "ಹಚ್ಚಕೊಳ್ರಿ ಇವರ ಹೆಸರು. ಈ ವರ್ಷ ಅಷ್ಟ."

"ಮುಂದಿನ ವರ್ಷ ಮತ್ತ ಬಂದು ಕುಂದರತೇನಿ," ಎಂದಳು ಸಿಸಿಲಿಯಾ, ನಿರ್ಮಲಾಳ ಕೈ ಹಿಡಿದು ಮೇಲೇಳುತ್ತ. ಕಾಲು ಜೋಮು ಹಿಡಿದು ಒಮ್ಮೆ ವಾಲಿದಳು. ಹುಡುಗಿ ಗಟ್ಟಿಯಾಗಿ ಹಿಡಿದಿದ್ದಳು.

ಇತಿಹಾಸಕ್ಕೆ ಈ ಸಲ ಸೈಕಲ್ ಸ್ಟ್ಯಾಂಡಿನ ಪಕ್ಕದ ಕೋಣೆ ಕೊಟ್ಟರು. ಕಿಟಕಿಗೆ ಗಾಜಿಲ್ಲ, ಹಲಗೆಯ ಒಂದು ಮೂಲೆ ಒಡೆದಿದೆ. ಒಂದು ಬೆಂಚಿಗೆ ಹಿಡಿಸದೆ ಎರಡನೆಯ ಬೆಂಚಿನಲ್ಲೂ ಹುಡುಗಿಯರು ಕೂತಿದ್ದರು. ಮೊದಲ ದಿನ ಅವಳು ಸೀಮೆಸುಣ್ಣದ ಡಬ್ಬಿ ಬಿಚ್ಚುತ್ತಿರುವಾಗ ಜವಾನ ಇಸಾಕಸಾಬ ಬಾಗಿಲಲ್ಲಿ ಕಾಣಿಸಿಕೊಂಡ. ಕೈಯಲ್ಲಿ ಆಡಳಿತ ಮಂಡಳಿಯ ನೋಟೀಸು. ಸಂಸ್ಥೆಯ ಶಿಸ್ತು ಮುರಿದದ್ದಕ್ಕೆ, ವಿದ್ಯಾರ್ಥಿನಿಯರನ್ನು ಧರಣಿಗೆ ಕೂರಿಸಿದ್ದಕ್ಕೆ ಯಾಕೆ ಕ್ರಮ ತೆಗೆದುಕೊಳ್ಳಬಾರದೆಂದು ವಿವರಣೆ ಕೇಳಿದ್ದರು. ಅವಳು ಅದನ್ನು ನಿಂತಲ್ಲೇ ಪೂರ್ತಿ ಓದಿ, ಮುಟ್ಟಿತೆಂದು ಸಹಿ ಹಾಕಿ, ಮೇಜಿನ ಮೇಲೆ ಡಸ್ಟರಿನ ಕೆಳಗೆ ಇಟ್ಟಳು.

"ಏನಂತ ಹೇಳ್ಲಿ ಅಮ್ಮಾರ?" ಎಂದು ಕೇಳಿದ ಇಸಾಕಸಾಬ.

"ಉತ್ತರ ನಾಳೆ ಬರತೈತಿ ಅಂತ ಹೇಳ್ರಿ. ಈಗ ಪಾಠ ಐತಿ. ಹೋಗೂವಾಗ ಬಾಗಲಾ ಮುಂದ ಮಾಡ್ರಿ, ಸೈಕಲ್ ಸಪ್ಪಳ ಭಾಳ."

ಅವನು ಬಾಗಿಲು ಮುಂದೆ ಮಾಡಿಕೊಂಡು ಹೋದ. ಸಿಸಿಲಿಯಾ ಹಲಗೆಯ ಒಡೆಯದ ಭಾಗದಲ್ಲಿ ತಾರೀಖು ಬರೆದು, ಹುಡುಗಿಯರ ಕಡೆ ತಿರುಗಿ, ಪಾಠ ಶುರು ಮಾಡಿದಳು.